ರೂಟರ್ ಡಬ್ಬಿಯ ಮೇಲಿಲ್ಲದ ಸಂಖ್ಯೆಗಳು

ಎಎಕ್ಸ್ 1500 ಎಂದು ಬರೆದ ವೈಫೈ ರೂಟರಿಗೂ ಎಎಕ್ಸ್ 1800 ಎಂದು ಬರೆದ ರೂಟರಿಗೂ 5 ಗಿಗಾಹರ್ಟ್ಸ್ ಬ್ಯಾಂಡಿನ ಘೋಷಿತ ವೇಗದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಎರಡರದ್ದೂ 1201 ಎಂಬಿಪಿಎಸ್. ಮೊದಲನೆಯದಕ್ಕೆ 2.4 ಗಿಗಾಹರ್ಟ್ಸ್ ಬ್ಯಾಂಡಿನ 300 ಸೇರಿಸಿದರೆ 1501 ಆಗುತ್ತದೆ. ಎರಡನೆಯದಕ್ಕೆ 574 ಸೇರಿಸಿದರೆ 1775, ಅದನ್ನು ದುಂಡಗೆ ಮಾಡಿ 1800 ಎನ್ನುತ್ತಾರೆ. ಈ ಕೂಡಿಕೆಗೇ ಅರ್ಥವಿಲ್ಲ. ವೈಫೈ 6ರ ಫೋನೊಂದು ಒಂದು ಹೊತ್ತಿಗೆ ಒಂದೇ ಬ್ಯಾಂಡಿನಲ್ಲಿ ರೂಟರಿಗೆ ಅಂಟಿಕೊಂಡಿರುತ್ತದೆ. ಮನೆಯಲ್ಲೊಂದು ಸ್ಕೂಟರು, ಒಂದು ಕಾರು ಇದ್ದರೆ ಎರಡರ ವೇಗ ಕೂಡಿಸಿ ‘ನಮ್ಮ ಮನೆಯ ವೇಗ ಗಂಟೆಗೆ ಇನ್ನೂರು ಕಿಲೋಮೀಟರ್’ ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ರೂಟರ್ ತಯಾರಕರು ಮಾತ್ರ ಇದನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ, ನಾವು ಅದನ್ನೇ ನೋಡಿ ಕೊಳ್ಳುತ್ತೇವೆ.

ಹತ್ತಿರ ಹತ್ತಿರದ ಬೆಲೆಯ, ಹೆಚ್ಚುಕಡಿಮೆ ಒಂದೇ ತರಹದ ಎರಡು ಮೂರು ರೂಟರುಗಳಲ್ಲಿ ಒಂದನ್ನು ಆರಿಸುವುದು ಸಣ್ಣ ವಿಷಯವೆಂದು ತೋರಬಹುದು. ಆದರೆ ಶಾಲೆಯ ಪಾಠ, ಕಚೇರಿ ಕೆಲಸ, ಬ್ಯಾಂಕಿನ ವ್ಯವಹಾರ, ಬಾಗಿಲ ಮುಂದಿನ ಕ್ಯಾಮೆರಾ ಎಲ್ಲವೂ ಈ ಪುಟ್ಟ ಪೆಟ್ಟಿಗೆಯ ಮೂಲಕವೇ ಹಾದುಹೋಗುತ್ತವೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾದ ಸಂಖ್ಯೆ ಬಹುಪಾಲು ಮನೆಗಳಲ್ಲಿ ಏನನ್ನೂ ನಿರ್ಧರಿಸುವುದಿಲ್ಲ. ನಿರ್ಧರಿಸುವ ಸಂಗತಿಗಳು ಒಂದೋ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರದಲ್ಲಿರುತ್ತವೆ, ಇಲ್ಲವೇ ಎಲ್ಲಿಯೂ ಇರುವುದಿಲ್ಲ. ಹೀಗಾಗಿ ಆಯ್ಕೆಯನ್ನು ಡಬ್ಬಿಯಿಂದಲ್ಲ, ನಮ್ಮ ಮನೆಯಿಂದ ಆರಂಭಿಸಬೇಕು.

ಮೊದಲಿಗೆ ಆ 574ರ ಕಥೆಯನ್ನೇ ನೋಡೋಣ. ಅಷ್ಟು ವೇಗ ಬರಬೇಕಾದರೆ 2.4 ಗಿಗಾಹರ್ಟ್ಸ್‌ನಲ್ಲಿ 40 ಮೆಗಾಹರ್ಟ್ಸ್ ಅಗಲದ ಚಾನೆಲ್ ಬೇಕು. ಆ ಇಡೀ ಬ್ಯಾಂಡಿನ ಅಗಲವೇ 83.5 ಮೆಗಾಹರ್ಟ್ಸ್. ಅದರಲ್ಲಿ ಒಂದರ ಮೇಲೊಂದು ಬೀಳದಂತೆ ಹಿಡಿಸುವುದು 20 ಮೆಗಾಹರ್ಟ್ಸ್‌ನ ಮೂರು ಚಾನೆಲ್‌ಗಳು ಮಾತ್ರ: 1, 6 ಮತ್ತು 11. ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನಲ್ಲಿ ಫೋನು ತೆರೆದು ನೋಡಿದರೆ ಅಕ್ಕಪಕ್ಕದವರ ಹತ್ತಾರು ವೈಫೈ ಹೆಸರುಗಳು ಸಾಲಾಗಿ ಕಾಣಿಸುತ್ತವೆ. ಜೊತೆಗೆ ಬ್ಲೂಟೂತ್ ಇಯರ್‌ಫೋನು, ಅಡುಗೆಮನೆಯ ಮೈಕ್ರೋವೇವ್ ಒಲೆ ಕೂಡ ಇದೇ ಅಲೆಗಳ ಹಾದಿಯಲ್ಲಿವೆ. ಇಂಥ ಜಂಗುಳಿಯಲ್ಲಿ ಶಿಸ್ತಿನ ರೂಟರ್ ತಾನಾಗಿಯೇ 20 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ. ಆಗ 574 ಅರ್ಧಕ್ಕೆ ಕುಸಿದು, ಎಎಕ್ಸ್ 1800ಕ್ಕೆಂದು ಕೊಟ್ಟ ಹೆಚ್ಚಿನ ಹಣ ಗಾಳಿಯಲ್ಲಿ ಕರಗುತ್ತದೆ. ಸುತ್ತ ಅರ್ಧ ಮೈಲಿ ಬೇರೆ ಮನೆಯಿಲ್ಲದ ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಾದರೆ ಅದೇ ರೂಟರ್ ತನ್ನ ಪೂರ್ಣ ಅಗಲವನ್ನು ಬಳಸಬಲ್ಲದು. ಸಾಧನ ಒಂದೇ, ಆದರೆ ಅದರ ಬೆಲೆ ಎರಡು ಊರುಗಳಲ್ಲಿ ಬೇರೆ ಬೇರೆ.

ಮುಂದಿನ ಮೆಟ್ಟಿಲು ಎಎಕ್ಸ್ 3000. ಇದರಲ್ಲಿ 5 ಗಿಗಾಹರ್ಟ್ಸ್‌ನ ವೇಗ 2402. ಚಾನೆಲ್ಲಿನ ಅಗಲವನ್ನು 80ರಿಂದ 160 ಮೆಗಾಹರ್ಟ್ಸ್‌ಗೆ ಏರಿಸಿದ್ದರಿಂದ ಬಂದ ದುಪ್ಪಟ್ಟು ಇದು. ಆ ಅಗಲವನ್ನು ಬಳಸಲು ಎದುರಿನ ಸಾಧನಕ್ಕೂ ಬರಬೇಕಲ್ಲ. ಐಫೋನ್ 11ರಿಂದ 14ರವರೆಗಿನವು ವೈಫೈ 6 ಇದ್ದರೂ 80 ಮೆಗಾಹರ್ಟ್ಸ್ ದಾಟುವುದಿಲ್ಲ. ಕಡಿಮೆ ಬೆಲೆಯ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಇರುವುದು ಒಂದೇ ಆಂಟೆನಾದ ವೈಫೈ 5. ಅವುಗಳ ಗರಿಷ್ಠ ಮಿತಿ 433 ಎಂಬಿಪಿಎಸ್. 160ನ್ನು ಬಳಸಬಲ್ಲವು ಹೆಚ್ಚಾಗಿ ಈಚಿನ ಲ್ಯಾಪ್‌ಟಾಪ್‌ಗಳು. ಅಗಲ ಹೆಚ್ಚಿದಷ್ಟೂ ಚಾನೆಲ್ ತನ್ನೊಳಗೆ ಗದ್ದಲವನ್ನೂ ಹೆಚ್ಚು ತುಂಬಿಕೊಳ್ಳುತ್ತದೆ, ಹಾಗಾಗಿ ದೂರದ ಕೋಣೆಯಲ್ಲಿ ಅದರ ಲಾಭ ಇಳಿಯುತ್ತದೆ. ಸಾಲದ್ದಕ್ಕೆ ಈ ಬ್ಯಾಂಡಿನ ಒಂದು ಭಾಗವನ್ನು ರಾಡಾರುಗಳೂ ಬಳಸುತ್ತವೆ. ಅಲ್ಲಿಗೆ ಕಾಲಿಡುವ ಮೊದಲು ರೂಟರ್ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕಾಯಬೇಕು; ರಾಡಾರಿನ ಸುಳಿವು ಸಿಕ್ಕರೆ ಜಾಗ ಖಾಲಿ ಮಾಡಬೇಕು. ವಿಮಾನ ನಿಲ್ದಾಣದ ಹತ್ತಿರದ ಬಡಾವಣೆಗಳಲ್ಲಿ ಕಾರಣವೇ ತಿಳಿಯದೆ ವೈಫೈ ಆಗಾಗ ಕಡಿದುಹೋಗುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಹಾಗೆಂದು ಎಎಕ್ಸ್ 3000 ದುಂದುವೆಚ್ಚ ಎನ್ನುವಂತಿಲ್ಲ. ಮೇಲಿನ ದರ್ಜೆಯ ಮಾದರಿಗಳಿಗೆ ತಯಾರಕರು ಹಲವು ಸಲ ಚುರುಕಾದ ಪ್ರೊಸೆಸರ್, ಹೆಚ್ಚು ಮೆಮೊರಿ ಕೊಟ್ಟಿರುತ್ತಾರೆ. ಇಪ್ಪತ್ತು ಮೂವತ್ತು ಸಾಧನಗಳಿರುವ ಮನೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. 500 ಎಂಬಿಪಿಎಸ್ ಮೀರಿದ ಪ್ಲಾನ್ ಇದ್ದು, ದೊಡ್ಡ ದೊಡ್ಡ ವಿಡಿಯೋ ಫೈಲುಗಳನ್ನು ದಿನವೂ ಲ್ಯಾಪ್‌ಟಾಪಿನಿಂದ ಸಾಗಿಸುವವರಿಗೆ ಅದು ನ್ಯಾಯವಾದ ಖರೀದಿ. ಆದರೆ ಬಹಳ ಮನೆಗಳ ಪ್ಲಾನ್ ಇರುವುದು 40, 100, ಹೆಚ್ಚೆಂದರೆ 200 ಎಂಬಿಪಿಎಸ್‌ನಲ್ಲಿ. 4ಕೆ ಚಿತ್ರ ನೋಡಲು ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್. ಹಾಲಿನಲ್ಲಿ ಕೂತವರಿಗೆ ಹಳೆಯ ಎಸಿ 1200 ರೂಟರ್ ಕೂಡ ಇದರ ಹತ್ತು ಪಟ್ಟು ಕೊಡಬಲ್ಲದು. ಹಾಗಿದ್ದೂ ಒಳಕೋಣೆಯಲ್ಲಿ ವಿಡಿಯೋ ನಿಂತುನಿಂತು ಓಡುತ್ತದೆ ಎಂದರೆ ತೊಡಕು ಬೇರೆಡೆ ಇದೆ.

ತೊಡಕಿರುವುದು ಗೋಡೆಯಲ್ಲಿ. ಒಂದೇ ಬಗೆಯ ಆಂಟೆನಾ, ಒಂದೇ ದೂರ ಇಟ್ಟುಕೊಂಡರೂ 5 ಗಿಗಾಹರ್ಟ್ಸ್‌ನ ಸಂಕೇತ 2.4ಕ್ಕೆ ಹೋಲಿಸಿದರೆ ಸುಮಾರು ಐದನೇ ಒಂದು ಭಾಗದಷ್ಟೇ ತಲುಪುತ್ತದೆ. ಗೋಡೆ ಅಡ್ಡ ಬಂದರೆ ಈ ಅಂತರ ಇನ್ನೂ ಹಿಗ್ಗುತ್ತದೆ. ಅಮೆರಿಕದಲ್ಲಿ ಮರದ ಚೌಕಟ್ಟಿಗೆ ತೆಳು ಹಲಗೆ ಬಡಿದು ಕಟ್ಟಿದ ಮನೆಯಲ್ಲಿ ನಿಂತು ಬರೆದ ವಿಮರ್ಶೆ ಕರಾವಳಿಯ ಮುರಕಲ್ಲಿನ ಗೋಡೆಗೆ, ಮಲೆನಾಡಿನ ದಪ್ಪ ಮಣ್ಣಿನ ಗೋಡೆಗೆ, ನಗರದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗೆ ಹೊಂದುವುದಿಲ್ಲ. ಕಬ್ಬಿಣದ ಸರಳು ಹೆಣೆದ ಆರ್‌ಸಿಸಿ ತಾರಸಿ ಮಹಡಿಯ ಮೇಲಿನ ಕೋಣೆಗೆ ಹೋಗುವ ಸಂಕೇತವನ್ನು ಬಹುಪಾಲು ನುಂಗಿಹಾಕುತ್ತದೆ. ಒಬ್ಬರು ‘ಮೂರು ಬೆಡ್‌ರೂಮಿಗೂ ಸಾಕಾಯಿತು’ ಎಂದು ಐದು ಚುಕ್ಕಿ ಕೊಟ್ಟ ರೂಟರ್ ಇನ್ನೊಬ್ಬರಿಗೆ ಪಕ್ಕದ ಕೋಣೆಗೂ ತಲುಪದಿರುವುದು ಹೀಗೆ. ಇಬ್ಬರದ್ದೂ ಸುಳ್ಳಲ್ಲ, ಮನೆಗಳು ಬೇರೆ.

ಗೋಡೆಯ ಸಮಸ್ಯೆಗೆ ಅಂಗಡಿಯಲ್ಲಿ ಸಿಗುವ ಉತ್ತರ ‘ಆರು ಕೊಂಬಿನದು ತಗೊಳ್ಳಿ’. ಕೊಂಬುಗಳ ಸಂಖ್ಯೆಗೂ ಬಲಕ್ಕೂ ನೇರ ಸಂಬಂಧವಿಲ್ಲ. ನಾಲ್ಕು ಆಂಟೆನಾಗಳ ಅಗ್ಗದ ರೂಟರಿನಲ್ಲಿ ಸಾಮಾನ್ಯವಾಗಿ ಎರಡು 2.4ಕ್ಕೆ, ಎರಡು 5ಕ್ಕೆ ಹಂಚಿಕೆಯಾಗಿರುತ್ತವೆ. ಪ್ರಸಾರದ ಬಲಕ್ಕೆ ಕಾನೂನಿನ ಮಿತಿ ಇದೆ. ಎರಡೂವರೆ ಸಾವಿರದ ರೂಟರಿಗೂ ಹನ್ನೆರಡು ಸಾವಿರದ ರೂಟರಿಗೂ ಅದೇ ಮಿತಿ. ಅದಕ್ಕಿಂತ ಮುಖ್ಯವಾದ ಮಾತೆಂದರೆ ವೈಫೈ ಎರಡು ಕಡೆಯ ಸಂಭಾಷಣೆ. ರೂಟರ್ ಎಷ್ಟೇ ಬಲವಾಗಿ ಕಳಿಸಲಿ, ಬ್ಯಾಟರಿ ಉಳಿಸಿಕೊಂಡು ಬದುಕುವ ಫೋನಿನ ಕ್ಷೀಣ ಉತ್ತರ ಅದೇ ಗೋಡೆ ದಾಟಿ ವಾಪಸು ಬರಬೇಕು. ಫೋನಿನಲ್ಲಿ ಸಂಕೇತದ ಗೆರೆಗಳು ತುಂಬಿದ್ದರೂ ಪುಟ ತೆರೆಯದಿರುವ ಅನುಭವ ಅನೇಕರಿಗಿದೆ. ಹಲವು ಸಲ ಅದರ ಹಿಂದಿರುವುದು ಈ ಏಕಮುಖ ಸ್ಥಿತಿ.

ಹಾಗಾಗಿ ಎರಡಂತಸ್ತಿನ ಮನೆಗೆ ಆರು ಸಾವಿರದ ಒಂದು ರೂಟರಿಗಿಂತ, ಎರಡೂವರೆ ಸಾವಿರದ ಎರಡು ರೂಟರುಗಳನ್ನು ಕೇಬಲ್ಲಿನಿಂದ ಜೋಡಿಸಿ, ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಆಗಿ ಇಡುವುದು ಒಳ್ಳೆಯದು. ‘ಮೆಶ್’ ಎಂದು ಮಾರುವ ಜೋಡಿಗಳೂ ಮಾಡುವುದು ಇದನ್ನೇ, ತುಸು ಸಲೀಸಾಗಿ. ಆದರೆ ತಂತಿಯಿಲ್ಲದೆ ಜೋಡಿಸಿದ ಎರಡು ಬ್ಯಾಂಡಿನ ಮೆಶ್‌ನಲ್ಲಿ ಒಂದೇ ರೇಡಿಯೋ ನಿಮ್ಮ ಫೋನಿನ ಜೊತೆಗೂ ಮಾತಾಡಬೇಕು, ಇನ್ನೊಂದು ಪೆಟ್ಟಿಗೆಯ ಜೊತೆಗೂ ಮಾತಾಡಬೇಕು. ವೇಗ ಸುಮಾರು ಅರ್ಧಕ್ಕೆ ಇಳಿಯುವುದು ಅದರ ಸಹಜ ಫಲ. ಎರಡನೆಯ ಪೆಟ್ಟಿಗೆಯನ್ನು ಸಂಕೇತವೇ ಬಾರದ ಕೋಣೆಯಲ್ಲಿಟ್ಟು ಬೈಯುವವರಿದ್ದಾರೆ. ಸಂಕೇತ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಟ್ಟರೆ ಮಾತ್ರ ಅದಕ್ಕೆ ಮುಂದೆ ಹಂಚಲು ಏನಾದರೂ ಸಿಗುತ್ತದೆ. ಹೊಸ ಮನೆ ಕಟ್ಟಿಸುವವರು ವಿದ್ಯುತ್ ಪೈಪುಗಳ ಜೊತೆಗೆ ಪ್ರತಿ ಮಹಡಿಗೂ ಪ್ರತ್ಯೇಕ ಪೈಪಿನಲ್ಲಿ ಒಂದು ನೆಟ್‌ವರ್ಕ್ ಕೇಬಲ್ ಎಳೆಸಿಬಿಟ್ಟರೆ ಮುಂದಿನ ಹಲವು ರೂಟರುಗಳ ಖರ್ಚು ಹಗುರಾಗುತ್ತದೆ. ಈಗಾಗಲೇ ಕಟ್ಟಿದ ಮನೆಯಲ್ಲಿ ರೂಟರನ್ನು ಟಿವಿಯ ಹಿಂದಿನಿಂದ, ಉಕ್ಕಿನ ಬೀರುವಿನ ಪಕ್ಕದಿಂದ ಎತ್ತಿ ಮನೆಯ ಮಧ್ಯಕ್ಕೆ, ಎದೆಮಟ್ಟಕ್ಕಿಂತ ಎತ್ತರಕ್ಕೆ ತರುವುದಕ್ಕೆ ಒಂದು ಪೈಸೆಯೂ ಬೇಡ.

ಇನ್ನು ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳಿಗೆ ಬರೋಣ. ಟಿಪಿ-ಲಿಂಕ್ ಕಂಪನಿಯ ಆರ್ಚರ್ ಸಿ50 ಮತ್ತು ಆರ್ಚರ್ ಸಿ6 ಎರಡನ್ನೂ ಎಸಿ 1200 ಎಂದೇ ಮಾರಿದರು. ಮೊದಲನೆಯದರ ಪೋರ್ಟುಗಳು 100 ಎಂಬಿಪಿಎಸ್‌ನವು, ಎರಡನೆಯದರವು ಗಿಗಾಬಿಟ್. 100ರ ಪೋರ್ಟಿನಿಂದ ನಿಜವಾಗಿ ಹೊರಬರುವುದು ಸುಮಾರು 94. ಅಂದರೆ 200 ಎಂಬಿಪಿಎಸ್ ಪ್ಲಾನಿಗೆ ಪ್ರತಿ ತಿಂಗಳೂ ಹಣ ಕಟ್ಟುವವರು ಮೊದಲ ರೂಟರ್ ತಂದರೆ ಅರ್ಧ ಪ್ಲಾನನ್ನು ಬಾಗಿಲಲ್ಲೇ ಬಿಟ್ಟಂತೆ. ದಪ್ಪಕ್ಷರದ 1200 ಇದನ್ನು ಹೇಳುವುದಿಲ್ಲ. ಇದೇ ಜಾತಿಯ ಇನ್ನೊಂದು ತೊಡಕು ಕೇಬಲ್ಲಿನದು. ಗಿಗಾಬಿಟ್‌ಗೆ ಎಂಟೂ ಎಳೆಗಳು ಬೇಕು. ಕೇಬಲ್ ಹಾಕಲು ಬಂದವರು ನಾಲ್ಕೇ ಎಳೆ ಜೋಡಿಸಿ ಹೋಗಿದ್ದರೆ ಎಂಥ ರೂಟರ್ ತಂದರೂ 100ಕ್ಕೆ ನಿಲ್ಲುತ್ತದೆ. ಒಂದೇ ಬೆಲೆಯ ಎರಡು ರೂಟರುಗಳ ನಡುವೆ ಆರಿಸುವಾಗ ರೇಡಿಯೋದ ಮೊತ್ತಕ್ಕಿಂತ ಮೊದಲು ಪೋರ್ಟಿನ ವೇಗ ನೋಡಬೇಕು.

ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಹೊಸ ರೂಟರೇ ಬೇಕೇ ಎಂಬುದು. ಫೈಬರ್ ಸಂಪರ್ಕದ ಜೊತೆ ಬರುವ ಪೆಟ್ಟಿಗೆಯೊಳಗೆ ಹೆಚ್ಚಾಗಿ ರೂಟರೂ ವೈಫೈಯೂ ಇದ್ದೇ ಇರುತ್ತವೆ. ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ಆ ಪೆಟ್ಟಿಗೆಗೇ ಚುಚ್ಚಿ ವೇಗ ಅಳೆಯಬೇಕು. ಅಲ್ಲಿಯೇ ನಿಧಾನವಿದ್ದರೆ ಯಾವ ರೂಟರೂ ಉದ್ಧಾರ ಮಾಡದು. ಬಹಳ ಕಡೆ ಬಳಕೆಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಎಳೆಯ ಸುಮಾರು 2.5 ಗಿಗಾಬಿಟ್ ವೇಗವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ರಾತ್ರಿ ಎಂಟರ ನಂತರದ ಮಂದಗತಿಗೆ ಅದು ಕಾರಣವಿರಬಹುದು. ಕೇಬಲ್ಲಿನಲ್ಲಿ ವೇಗ ಸರಿಯಿದ್ದು ವೈಫೈಯಲ್ಲಿ ಮಾತ್ರ ಕುಸಿಯುತ್ತಿದ್ದರೆ ಆಗ ರೂಟರಿನ ಮಾತು. ಹೊಸದನ್ನು ತಂದಾಗ ಹಳೆಯ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ ಹಾಕಿಸಬೇಕು, ಇಲ್ಲವೇ ಹೊಸದನ್ನು ಆಕ್ಸೆಸ್ ಪಾಯಿಂಟ್ ಆಗಿ ಬಳಸಬೇಕು. ಎರಡೂ ರೂಟರ್ ಕೆಲಸವನ್ನೇ ಮಾಡತೊಡಗಿದರೆ ಆಟದ ಕನ್ಸೋಲು, ಮನೆಯ ಕ್ಯಾಮೆರಾಗಳಂಥವು ತೊಂದರೆ ಕೊಡುತ್ತವೆ.

ವೇಗ ಸಾಕಷ್ಟಿದ್ದೂ ವಿಡಿಯೋ ಕರೆ ತೊದಲುವುದಕ್ಕೆ ಇನ್ನೊಂದು ಕಾರಣ ಸಾಲು. ಮನೆಯಲ್ಲೊಬ್ಬರು ಫೋಟೋಗಳನ್ನು ಕ್ಲೌಡಿಗೆ ಏರಿಸುತ್ತಿದ್ದಾಗ ರೂಟರಿನೊಳಗೆ ಆ ದತ್ತಾಂಶ ಸಾಲುಗಟ್ಟುತ್ತದೆ, ಮಾತಿನ ತುಣುಕು ಅದರ ಹಿಂದೆ ಕಾಯುತ್ತದೆ. ಈ ಸಾಲು ಉದ್ದ ಬೆಳೆಯದಂತೆ ನಿಭಾಯಿಸುವ ಕೋಡೆಲ್ ಎಂಬ ವಿಧಾನವನ್ನು 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಪ್ರಕಟಿಸಿದರು. ಅದರಿಂದ ಬೆಳೆದ ತಂತ್ರಗಳು ಇಂದು ಕೆಲವು ರೂಟರುಗಳಲ್ಲಿವೆ, ಹಲವುಗಳಲ್ಲಿ ಇಲ್ಲ. 100 ಎಂಬಿಪಿಎಸ್ ಮನೆಯಲ್ಲಿ ಸಾಲನ್ನು ಚೆನ್ನಾಗಿ ನಡೆಸುವ ಎಎಕ್ಸ್ 1500, ಹಾಗೆ ನಡೆಸದ ಎಎಕ್ಸ್ 3000ಕ್ಕಿಂತ ವೇಗವಾಗಿ ಅನಿಸುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಏಳುತ್ತದೆ. ‘ಇವತ್ತು ಬೇಡದಿರಬಹುದು, ನಾಳೆಗೆ ಬೇಕಲ್ಲ? ಸಾವಿರ ಹೆಚ್ಚು ಕೊಟ್ಟು ವೈಫೈ 7 ತಂದರೆ ಹತ್ತು ವರ್ಷ ನಿಶ್ಚಿಂತೆ.’ ಈ ವಾದವನ್ನು ತಳ್ಳಿಹಾಕುವಂತಿಲ್ಲ. ರೂಟರನ್ನು ಯಾರೂ ವರ್ಷಕ್ಕೊಮ್ಮೆ ಬದಲಿಸುವುದಿಲ್ಲ. ಆದರೆ ಅಗ್ಗದ ವೈಫೈ 7 ರೂಟರುಗಳ ಮೇಲಿನ ಬಿಇ 3600 ಎಂಬುದನ್ನು ಬಿಡಿಸಿ ನೋಡಿ: 688 ಮತ್ತು 2882. ಇವು 2.4 ಮತ್ತು 5 ಗಿಗಾಹರ್ಟ್ಸ್‌ನವು ಮಾತ್ರ. ವೈಫೈ 7ರ ಹೆಗ್ಗಳಿಕೆಯಾದ 320 ಮೆಗಾಹರ್ಟ್ಸ್ ಚಾನೆಲ್ ಸಿಗುವುದು 6 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ, ಆ ರೇಡಿಯೋವೇ ಇವುಗಳಲ್ಲಿಲ್ಲ. ಅಮೆರಿಕ 2020ರ ಏಪ್ರಿಲ್‌ನಲ್ಲಿ ಆ ಬ್ಯಾಂಡಿನ 1200 ಮೆಗಾಹರ್ಟ್ಸ್ ಅನ್ನು ವೈಫೈಗೆ ತೆರೆಯಿತು. ಭಾರತದಲ್ಲಿ ಕೆಳಭಾಗದ 500 ಮೆಗಾಹರ್ಟ್ಸ್‌ಗೆ ಪರವಾನಗಿ ಬೇಡವೆನ್ನುವ ಕರಡು ನಿಯಮ ಬಂದದ್ದು 2025ರ ಮೇ ತಿಂಗಳಲ್ಲಿ. ಅಷ್ಟರೊಳಗೆ 320ರ ಚಾನೆಲ್ ಹಿಡಿಸುವುದು ಒಂದೇ ಒಂದು. ನಾಳೆಗೆಂದು ಕೊಳ್ಳುವವರು ನಾಳೆಯ ಬ್ಯಾಂಡ್ ಇರುವುದನ್ನೇ ಕೊಳ್ಳಬೇಕು. ಹೆಸರಿನಲ್ಲಿ ಮಾತ್ರ ನಾಳೆ ಇರುವುದನ್ನಲ್ಲ.

ಮೇಲಾಗಿ ರೂಟರ್ ಹಳತಾಗುವುದು ರೇಡಿಯೋದಿಂದಲ್ಲ, ಸಾಫ್ಟ್‌ವೇರಿನಿಂದ. 2017ರಲ್ಲಿ ಮ್ಯಾಥಿ ವಾನ್‌ಹೂಫ್ ಎಂಬ ಸಂಶೋಧಕ ಡಬ್ಲ್ಯುಪಿಎ2 ಭದ್ರತೆಯಲ್ಲಿ ‘ಕ್ರ್ಯಾಕ್’ ಎಂಬ ಬಿರುಕನ್ನು ತೋರಿಸಿದಾಗ ಜಗತ್ತಿನ ವೈಫೈ ಸಾಧನಗಳೆಲ್ಲ ತೇಪೆಗೆ ಕಾಯಬೇಕಾಯಿತು. ಮರುವರ್ಷ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ ಐದು ಲಕ್ಷ ರೂಟರು ಮತ್ತು ಸಂಗ್ರಹ ಸಾಧನಗಳೊಳಗೆ ಹೊಕ್ಕಿದ್ದು ಪತ್ತೆಯಾಯಿತು. ಮನೆಯ ರೂಟರನ್ನು ಒಮ್ಮೆ ಆರಿಸಿ ಹಾಕಿ ಎಂದು ಅಮೆರಿಕದ ಎಫ್‌ಬಿಐ ಜನರನ್ನು ಕೇಳಿಕೊಂಡಿತು. ತಯಾರಕರು ತೇಪೆ ಕಳಿಸುವುದನ್ನು ನಿಲ್ಲಿಸಿದ ದಿನವೇ ರೂಟರಿನ ನಿಜವಾದ ಆಯಸ್ಸು ಮುಗಿಯುತ್ತದೆ, ದೀಪ ಉರಿಯುತ್ತಲೇ ಇರಬಹುದು. ಆ ದಿನ ಯಾವುದೆಂದು ನಮ್ಮ ಅಂಗಡಿಗಳ ಡಬ್ಬಿಯ ಮೇಲೆ ಕಾಣುವುದಿಲ್ಲ.

ಒಂದೇ ಹೆಸರಿನ ಎರಡು ರೂಟರುಗಳೂ ಒಂದೇ ಆಗಿರಬೇಕೆಂದಿಲ್ಲ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ 2002ರ ಕೊನೆಗೆ ಮಾರುಕಟ್ಟೆಗೆ ಬಂತು. ಅದರೊಳಗೆ ಲಿನಕ್ಸ್ ಇದ್ದುದರಿಂದ, ಪರವಾನಗಿಯ ಷರತ್ತಿನಂತೆ ಕಂಪನಿ 2003ರಲ್ಲಿ ಮೂಲ ಕೋಡನ್ನು ಹೊರಗಿಡಬೇಕಾಯಿತು. ಆ ಕೋಡಿನಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಸ್ವತಂತ್ರ ರೂಟರ್ ತಂತ್ರಾಂಶ ಹುಟ್ಟಿತು. 2005ರ ಐದನೇ ಆವೃತ್ತಿಗೆ ಬರುವಷ್ಟರಲ್ಲಿ ಅದೇ ಹೆಸರಿನ, ಅದೇ ನೀಲಿ ಪೆಟ್ಟಿಗೆಯ ಮೆಮೊರಿ 16ರಿಂದ 8 ಮೆಗಾಬೈಟಿಗೆ, ಫ್ಲಾಶ್ 4ರಿಂದ 2ಕ್ಕೆ ಇಳಿದು, ಲಿನಕ್ಸ್ ಜಾಗದಲ್ಲಿ ಬೇರೊಂದು ವ್ಯವಸ್ಥೆ ಕೂತಿತ್ತು. ಹಳೆಯ ಒಳಾಂಗ ಬೇಕೆಂದವರಿಗೆ ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಬೇರೆ ಮಾದರಿಯನ್ನೇ ತರಬೇಕಾಯಿತು. ಇಂದಿಗೂ ರೂಟರಿನ ತಳದ ಚೀಟಿಯಲ್ಲಿ ವಿ1, ವಿ2, ವಿ4 ಎಂದು ಆವೃತ್ತಿ ಬರೆದಿರುತ್ತದೆ. ಯಾರೋ ಹೊಗಳಿದ್ದು ವಿ2, ನಮ್ಮ ಕೈಗೆ ಬಂದದ್ದು ವಿ4 ಆಗಿದ್ದರೆ ಆ ಹೊಗಳಿಕೆ ನಮ್ಮ ರೂಟರಿನದಲ್ಲ. ಓಪನ್‌ಡಬ್ಲ್ಯುಆರ್‌ಟಿ ಒಪ್ಪುವ ಆವೃತ್ತಿ ಸಿಕ್ಕರೆ, ಕಂಪನಿ ಕೈಬಿಟ್ಟ ಮೇಲೂ ಅದಕ್ಕೆ ಇನ್ನಷ್ಟು ವರ್ಷಗಳ ಬಾಳಿಕೆ ಸಿಗಬಹುದು. ತುಸು ತಾಂತ್ರಿಕ ಧೈರ್ಯವಿರುವವರಿಗೆ ಇದು 300 ಎಂಬಿಪಿಎಸ್‌ನ ಹೆಚ್ಚುವರಿಗಿಂತ ದೊಡ್ಡ ಗುಣ.

ನಮ್ಮ ಕಡೆಯ ಮಟ್ಟಿಗೆ ಕರೆಂಟಿನ ಮಾತೂ ಇದೆ. ಜಿಪಾನ್ ಜಾಲದಲ್ಲಿ ವಿನಿಮಯ ಕೇಂದ್ರದಿಂದ ಮನೆಯವರೆಗೆ ನಡುವೆ ವಿದ್ಯುತ್ ಬೇಡದ ಸಾಧನಗಳೇ ಇರುತ್ತವೆ. ಕೇಂದ್ರದಲ್ಲಿ ಬ್ಯಾಟರಿ ಇದ್ದರೆ, ಮನೆಯ ಎರಡು ಪೆಟ್ಟಿಗೆಗಳಿಗೆ ಕರೆಂಟು ಸಿಕ್ಕರೆ ಇಂಟರ್ನೆಟ್ ನಿಲ್ಲುವುದಿಲ್ಲ. ಫೈಬರ್ ಪೆಟ್ಟಿಗೆಯೂ ರೂಟರೂ ಎರಡೂ 12 ವೋಲ್ಟಿನವಾದರೆ ಒಂದು ಪುಟ್ಟ ಡಿಸಿ ಯುಪಿಎಸ್ ಎರಡನ್ನೂ ಸಾಕುತ್ತದೆ. ಒಂದು 9, ಇನ್ನೊಂದು 12 ಆದರೆ ಎರಡೂ ವೋಲ್ಟ್ ಕೊಡುವ ಯುಪಿಎಸ್ ಹುಡುಕಬೇಕು. ಅಡಾಪ್ಟರಿನ ಮೇಲಿನ ಈ ಸಂಖ್ಯೆ ಪೆಟ್ಟಿಗೆಯ ಮುಖದ ಸಂಖ್ಯೆಗಿಂತ ಹೆಚ್ಚು ಉಪಯೋಗಿ. 8 ವ್ಯಾಟ್ ಎಳೆಯುವ ರೂಟರ್ ವರ್ಷವಿಡೀ ಉರಿದರೆ 70 ಯೂನಿಟ್ ವಿದ್ಯುತ್ತಾಗುತ್ತದೆ. ಇನ್ನೂ ದೊಡ್ಡದನ್ನು ತಂದರೆ ಆ ಖರ್ಚೂ ಏರುತ್ತದೆ, ಯುಪಿಎಸ್ ನಡೆಸುವ ಹೊತ್ತೂ ತಗ್ಗುತ್ತದೆ.

ಇಷ್ಟೆಲ್ಲ ತನಿಖೆ ಸಾಮಾನ್ಯ ಗ್ರಾಹಕನಿಗೆ ಸಾಧ್ಯವೇ ಎಂದು ಕೇಳಬಹುದು. ತನಿಖೆ ಬೇಡ, ಕ್ರಮ ತಪ್ಪದಿದ್ದರೆ ಸಾಕು. ಎರಡು ಕೋಣೆಯ ಮನೆ, 100 ಎಂಬಿಪಿಎಸ್‌ನೊಳಗಿನ ಪ್ಲಾನ್ ಇದ್ದವರು ಇರುವ ಪೆಟ್ಟಿಗೆಯ ಜಾಗ ಬದಲಿಸಿ ನೋಡಲಿ. ಒಂದಂತಸ್ತಿನ ಮನೆ, 300ರವರೆಗಿನ ಪ್ಲಾನಿಗೆ ಎಎಕ್ಸ್ 1500, 1800ರಲ್ಲಿ ಯಾವುದು ಅಗ್ಗವೋ ಅದು ಸಾಕು. ಪೋರ್ಟು ಗಿಗಾಬಿಟ್ ಇರಲಿ, ತಯಾರಕರ ತಾಣದಲ್ಲಿ ಆ ಆವೃತ್ತಿಗೆ ಈಚಿನ ತಿಂಗಳುಗಳಲ್ಲಿ ಅಪ್‌ಡೇಟ್ ಬಂದಿರಲಿ. ಮಹಡಿ ಮನೆಯವರು ಹಣವನ್ನು ಒಂದು ದೊಡ್ಡ ರೂಟರಿಗೆ ಸುರಿಯದೆ ಕೇಬಲ್ಲಿಗೂ ಎರಡನೆಯ ಪೆಟ್ಟಿಗೆಗೂ ಹಂಚಲಿ. ಎಎಕ್ಸ್ 3000 ವೇಗದ ಪ್ಲಾನು, ಹೊಸ ಲ್ಯಾಪ್‌ಟಾಪು ಎರಡೂ ಇರುವವರಿಗೆ. 6 ಗಿಗಾಹರ್ಟ್ಸ್ ಇಲ್ಲದ ವೈಫೈ 7ಕ್ಕೆ ವೈಫೈ 6ಕ್ಕಿಂತ ಹೆಚ್ಚು ಬೆಲೆ ಕೊಡುವ ಕಾರಣವಿಲ್ಲ.

ಉಳಿದದ್ದು ಗ್ರಾಹಕ ಒಬ್ಬನೇ ಮಾಡಲಾಗದ ಕೆಲಸ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಇಂಟರ್ನೆಟ್ಟಿಗೆ ಜೋಡುವ ಗೃಹಸಾಧನ ಮಾರುವವರು ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಬರುತ್ತದೆಂದು ಮೊದಲೇ ತಿಳಿಸಲೇಬೇಕು. ಎಲ್ಲ ಪೆಟ್ಟಿಗೆಗೂ ಒಂದೇ ಸುಲಭದ ಪಾಸ್‌ವರ್ಡ್ ಇಡುವುದೂ ಅಲ್ಲಿ ನಿಷಿದ್ಧ. ನಮ್ಮಲ್ಲಿ ದೂರಸಂಪರ್ಕ ಸಾಧನಗಳ ಭದ್ರತಾ ಮಾನದಂಡ ರೂಪಿಸುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಬೆಂಗಳೂರಿನಲ್ಲೇ ಇದೆ. ಆಹಾರದ ಪೊಟ್ಟಣದ ಮೇಲೆ ಬಳಕೆಯ ಕೊನೆಯ ದಿನಾಂಕ ಕಡ್ಡಾಯವಾಗಿರುವಂತೆ, ರೂಟರ್ ಡಬ್ಬಿಯ ಮುಖದಲ್ಲೂ ಅಪ್‌ಡೇಟಿನ ಕೊನೆಯ ದಿನಾಂಕ ಕಡ್ಡಾಯವಾಗಬೇಕು. ಅಲ್ಲಿಯವರೆಗೆ ಅಂಗಡಿಯಲ್ಲಿ ‘ಎಷ್ಟು ಸ್ಪೀಡು’ ಎಂದು ಕೇಳುವ ಬದಲು ‘ಯಾವ ವರ್ಷದವರೆಗೆ ಅಪ್‌ಡೇಟು’ ಎಂದು ಕೇಳಿ. ಸಾಕಷ್ಟು ಜನ ಕೇಳತೊಡಗಿದರೆ ಮಾರುವವರು ಉತ್ತರ ಹುಡುಕಿಕೊಳ್ಳಲೇಬೇಕಾಗುತ್ತದೆ.